ದೊಡ್ಡಪ್ಪನ ಬಿಲ್ಲೆ

"ನನ್ನ ಮೈಯಲ್ಲಿ ಏನಿದೆ ಅಂತ ನಿನಗೆ ಗೊತ್ತಾದ ದಿನ ಮೊದಲು ನನಗೆ ಹೇಳಬೇಕು. ಡಾಕ್ಟರಿಗೂ ಮುಂಚೆ. ನನ್ನ ಮಗನಿಗೂ ಮುಂಚೆ. ಹೇಳ್ತೀಯೋ ಇಲ್ವೋ?"

ಹತ್ತೊಂಬತ್ತು ವರ್ಷದ ಹಿಂದೆ, ಮಾವ ತೀರಿಕೊಂಡ ಎರಡನೇ ವಾರ, ಹಿತ್ತಲ ಮೆಟ್ಟಿಲ ಮೇಲೆ ಹೊಸ ಸೊಸೆಯನ್ನು ತಡೆದು ನಿಲ್ಲಿಸಿ ಅತ್ತೆ ಕೇಳಿದ್ದರು. ಸೊಸೆಯ ಎರಡೂ ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟು. "ಹೇಳ್ತೀನಿ ಅತ್ತೆ" ಅಂದಳು. ಬಕೆಟ್ಟು ಎಷ್ಟು ಭಾರವಿತ್ತೆಂದರೆ ಆ ಗಳಿಗೆಯಲ್ಲಿ ಯಾರು ಏನು ಕೇಳಿದ್ದರೂ ಹೂಂ ಅಂದುಬಿಡುತ್ತಿದ್ದಳು. ಆದರೂ ಮಾತು ಮಾತೇ.

ಅತ್ತೆ ಸುಮ್ಮನೆ ಕೇಳಿದ್ದಲ್ಲ. ಮಾವನಿಗೆ ಏನಾಗಿದೆ ಎಂದು ಮನೆಮಂದಿಗೆಲ್ಲ ಗೊತ್ತಿತ್ತು, ಅತ್ತೆಗೊಬ್ಬರಿಗೆ ಬಿಟ್ಟು. "ಬರೀ ಕಾಮಾಲೆ, ಇಳಿದುಹೋಗುತ್ತೆ" ಎಂದು ಮೂರು ತಿಂಗಳು ನಂಬಿಸಿದ್ದರು. ಅತ್ತೆ ಕೈತುಂಬ ಕೆಲಸವಿದ್ದ ದರ್ಜಿ. ಆಸ್ಪತ್ರೆಯ ಪರದೆಗಳಿಂದ ಹಿಡಿದು ಶಾಲೆಯ ಸಮವಸ್ತ್ರದವರೆಗೆ ಬೀದಿಯ ಬಟ್ಟೆಯೆಲ್ಲ ಅವರ ಯಂತ್ರದ ಕೆಳಗೆ ಹಾದುಹೋಗುತ್ತಿತ್ತು. ಅಷ್ಟು ಕೆಲಸದ ನಡುವೆಯೂ ಗಂಡ ಎದ್ದು ಓಡಾಡುವಾಗ ಹಾಕಿಕೊಳ್ಳಲಿ ಎಂದು ಹಳೆಯ ಅಳತೆಗೇ ಒಂದು ಹೊಸ ಅಂಗಿ ಹೊಲಿದು ಇಸ್ತ್ರಿ ಮಾಡಿಟ್ಟಿದ್ದರು. ಅದನ್ನು ಕೊನೆಗೆ ತೊಡಿಸಿದಾಗ ಒಳಗೆ ಇನ್ನೊಬ್ಬ ಮನುಷ್ಯ ಹಿಡಿಸುವಷ್ಟು ಜಾಗ ಉಳಿದಿತ್ತು. "ಎಲ್ಲ ಸೇರಿ ಸುಳ್ಳಿನ ಅಳತೆಗೆ ನನ್ನ ಕೈಲಿ ಅಂಗಿ ಹೊಲಿಸಿದ್ರಿ" ಎಂದು ಮಗನಿಗೆ ಒಂದೇ ಒಂದು ಸಲ ಹೇಳಿದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಸೊಸೆಗೆ ಆಗತಾನೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಸುದ್ದಿ ಹುಟ್ಟುವ ಜಾಗದಲ್ಲೇ ತನ್ನವಳೊಬ್ಬಳು ಕೂತಿದ್ದಾಳೆ ಎಂದು ಅತ್ತೆ ಲೆಕ್ಕ ಹಾಕಿದ್ದರು.

ಸೊಸೆ ಕೂರುತ್ತಿದ್ದದ್ದು ನೆಲಮಾಳಿಗೆಯಲ್ಲಿ. ಕಿಟಕಿಯಿಂದ ಕಾಣುವುದು ಜನರ ಚಪ್ಪಲಿ, ಗಾಲಿಕುರ್ಚಿಯ ಗಾಲಿ ಮಾತ್ರ. ಕೀವು, ಕಫ, ರಕ್ತ, ಮೂತ್ರ ಎಲ್ಲ ಸೀಸೆಯಲ್ಲಿ ಕೆಳಗಿಳಿದು ಬರುತ್ತಿತ್ತು. ಕಾಗದವಾಗಿ ಮೇಲೆ ಹೋಗುತ್ತಿತ್ತು. ಬಂದದ್ದನ್ನು ಮೊದಲು ಗಾಜಿನ ಮೇಲೆ ಸವರಿ ಬಣ್ಣ ಹಾಕಬೇಕು. ಬಣ್ಣ ತೊಳೆದ ಮೇಲೂ ನೇರಳೆಯನ್ನು ಬಿಡದೆ ಹಿಡಿದುಕೊಂಡ ಕ್ರಿಮಿಗಳು ಗ್ರಾಂ ಪಾಸಿಟಿವ್. ನೇರಳೆ ಬಿಟ್ಟು ಗುಲಾಬಿಗೆ ತಿರುಗಿದವು ಗ್ರಾಂ ನೆಗೆಟಿವ್. ಲ್ಯಾಬಿನ ಮಾತಿನಲ್ಲಿ ನೇರಳೆಯವರು, ಗುಲಾಬಿಯವರು. "ಬೆಳಿಗ್ಗೆಯಿಂದ ಬರೀ ಗುಲಾಬಿಯವರೇ, ಒಬ್ಬ ನೇರಳೆಯವನೂ ಮುಖ ತೋರಿಸಿಲ್ಲ" ಎಂದು ಅವರು ಮಾತಾಡಿಕೊಳ್ಳುವುದನ್ನು ಕೇಳಿದರೆ ಹೊರಗಿನವರು ಯಾವುದೋ ಮದುವೆ ಮಾತುಕತೆ ಅಂದುಕೊಳ್ಳಬೇಕು.

ಔಷಧಿಗಳಿಗೂ ಅಲ್ಲಿ ನಂಟಸ್ತಿಕೆಯ ಹೆಸರಿತ್ತು. ಪೆನಿಸಿಲಿನ್ ಅಜ್ಜ. ಅದರ ಹೊಟ್ಟೆಯಲ್ಲಿ ಹುಟ್ಟಿದ ಹತ್ತಾರು ಔಷಧಿಗಳು ಚಿಕ್ಕಪ್ಪಂದಿರು. ಆ ವಂಶಕ್ಕೆಲ್ಲ ದೊಡ್ಡ ಕುಳ, ಬೇರೆಯವರು ಕೈಚೆಲ್ಲಿದಾಗ ಕರೆಸುವ ಕಾರ್ಬಪೆನೆಮ್, ದೊಡ್ಡಪ್ಪ. ದೊಡ್ಡಪ್ಪನ ಹೆಸರು ನಡೆಯುತ್ತಿದ್ದದ್ದು ಗುಲಾಬಿಯವರ ಮೇಲೆ. ಆದರೆ ನೇರಳೆ ಬೀದಿಯಲ್ಲೂ ಅವನ ಮಾತು ಬಹಳ ಮಟ್ಟಿಗೆ ಸಾಗುತ್ತಿತ್ತು: ಸರಪಳಿಯಂತೆ ಕೂರುವ ಕ್ರಿಮಿಗಳು ಅವನನ್ನು ಕಂಡರೇ ಉದುರುತ್ತಿದ್ದವು, ದ್ರಾಕ್ಷಿ ಗೊಂಚಲಿನಂತೆ ಕೂರುವವುಗಳಲ್ಲೂ ಸಾಧು ಜಾತಿಯವು ತಲೆಬಾಗುತ್ತಿದ್ದವು. ಬಾಗದವೂ ಇದ್ದವು. ಆದರೆ ಆ ವಿಷಯ ಮೇಲಿನ ಮಹಡಿಗಳಲ್ಲಿ ಅಷ್ಟಾಗಿ ಯಾರಿಗೂ ನೆನಪಿರುತ್ತಿರಲಿಲ್ಲ. ದೊಡ್ಡಪ್ಪ ಬಂದ ಅಂದಮೇಲೆ ಎಲ್ಲರೂ ನಿಟ್ಟುಸಿರು ಬಿಡುತ್ತಿದ್ದರು.

ಮೆಟ್ಟಿಲ ಮೇಲಿನ ಆ ಮಾತಿಗೆ ಹತ್ತೊಂಬತ್ತು ವರ್ಷವಾದ ಮೇಲೆ, ಒಂದು ಗುರುವಾರ, ಅತ್ತೆ ಮಂಡಿಗೆ ಸೂಜಿ ಚುಚ್ಚಿಸಿಕೊಂಡರು. ನೆಲದ ಮೇಲೆ ಮಂಡಿಯೂರಿ ಒಂದು ಸಣ್ಣ ಹುಡುಗಿಯ ಲಂಗದ ಅಂಚಿಗೆ ಗುರುತು ಹಾಕುತ್ತಿದ್ದಾಗ, ಕಳೆದುಹೋಗಿದೆ ಎಂದು ಬೆಳಿಗ್ಗೆಯಿಂದ ಹುಡುಕುತ್ತಿದ್ದ ಸೂಜಿ ತಾನಾಗಿ ಸಿಕ್ಕಿತು. ಎಳೆದು ತೆಗೆದು, ಬಟ್ಟೆಯಲ್ಲಿ ಒರೆಸಿ, ಅದೇ ಸೂಜಿಯಿಂದ ಅಂಚು ಹೊಲಿದು ಮುಗಿಸಿದರು. "ಸಿಕ್ತಲ್ಲ, ಅದೇ ಪುಣ್ಯ" ಅಂದರು. ಭಾನುವಾರದ ಹೊತ್ತಿಗೆ ಮಂಡಿ ಕುಂಬಳಕಾಯಿಯಾಗಿತ್ತು. ಸೋಮವಾರ ಚಳಿಜ್ವರಕ್ಕೆ ಹಲ್ಲು ಕಟಕಟಿಸಿದವು.

ಅತ್ತೆಯನ್ನು ಸೊಸೆಯ ಆಸ್ಪತ್ರೆಗೇ ಸೇರಿಸಿದರು. ಮೂಳೆ ಡಾಕ್ಟರು ಮಂಡಿಯೊಳಗಿನ ನೀರು ಎಳೆದು ಲ್ಯಾಬಿಗೆ ಕಳಿಸಿದರು. ಆರು ತಿಂಗಳ ಹಿಂದೆ ಅತ್ತೆಯ ಮೂತ್ರದಲ್ಲಿ ಚಿಕ್ಕಪ್ಪಂದಿರಿಗೆ ಬಗ್ಗದ ಗುಲಾಬಿಯವರು ಸಿಕ್ಕಿದ್ದರು. ಕಿಡ್ನಿಯ ಅಂಕಿಯೂ ಸ್ವಲ್ಪ ಏರಿತ್ತು. ಅದನ್ನೆಲ್ಲ ತೂಗಿ ನೋಡಿ ಡಾಕ್ಟರು ದೊಡ್ಡಪ್ಪನನ್ನೇ ಕರೆಸಿದರು.

"ಯಾವ ಔಷಧಿನೇ ಇದು?" ಎಂದರು ಅತ್ತೆ, ಬಾಟಲಿಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಾ.

"ದೊಡ್ಡಪ್ಪ ಅತ್ತೆ."

"ಯಾರ ದೊಡ್ಡಪ್ಪ?"

ಸೊಸೆ ಲ್ಯಾಬಿನ ಹೆಸರುಗಳನ್ನು ಬಿಡಿಸಿ ಹೇಳಿದಳು. ಜ್ವರದಲ್ಲೂ ಅತ್ತೆ ನಕ್ಕರು. "ನನಗೂ ಒಬ್ಬ ದೊಡ್ಡಪ್ಪ ಇದ್ದ ಕಣೇ. ಅವನ ಗತ್ತು ನೋಡಿ ಬೀದಿ ನಾಯಿನೂ ಎದ್ದು ನಿಲ್ಲೋದು. ಒಂದು ಮೊಳೆ ಹೊಡಿ ಅಂದ್ರೆ ಮಾತ್ರ ಬೆರಳು ಜಜ್ಜಿಕೊಳ್ಳೋನು."

"ಅಮ್ಮ, ಸುಮ್ಮನೆ ಮಲಗು" ಎಂದ ಮಗ. ಅವನು ಲಿಫ್ಟ್ ರಿಪೇರಿಯವನು. ಆಸ್ಪತ್ರೆಯ ನಾಲ್ಕು ಮಹಡಿಯನ್ನೂ ಮೆಟ್ಟಿಲು ಹತ್ತಿಯೇ ಬರುತ್ತಿದ್ದ. ಯಾಕೆಂದು ಕೇಳಿದರೆ, "ಒಳಗೆ ಏನಿರುತ್ತೆ ಅಂತ ಗೊತ್ತಿರೋನು ಹತ್ತಲ್ಲ" ಎನ್ನುತ್ತಿದ್ದ.

ಅವತ್ತು ಮಧ್ಯಾಹ್ನವೇ ಸೊಸೆ ಗಾಜಿಗೆ ಬಣ್ಣ ಹಾಕಿ ನೋಡಿದಳು. ಗುಲಾಬಿಯವರಲ್ಲ. ನೇರಳೆ ಗುಂಡುಗಳು, ಗೊಂಚಲು ಗೊಂಚಲು. ಹೋಗಿ ಮೊದಲು ಅತ್ತೆಗೆ ಹೇಳಿದಳು, ಆಮೇಲೆ ಡಾಕ್ಟರಿಗೆ. "ಆಗಲಿ, ನೇರಳೆಯವರಿಗೂ ಈ ಔಷಧಿ ಆಗುತ್ತಲ್ಲ. ತಟ್ಟೆ ಏನು ಹೇಳುತ್ತೋ ನೋಡೋಣ" ಎಂದರು ಡಾಕ್ಟರು.

ಮಂಗಳವಾರ ತಟ್ಟೆಯ ಮೇಲೆ ಕ್ರಿಮಿ ಬೆಳೆದು ನಿಂತಿತ್ತು, ಹೊಂಬಣ್ಣದ ಸಣ್ಣ ಸಣ್ಣ ಚುಕ್ಕೆ. ಇನ್ನು ಯಾವ ಔಷಧಿಗೆ ಸಾಯುತ್ತದೆ ಎಂದು ನೋಡಬೇಕು. ಅದಕ್ಕೆ ಕ್ರಿಮಿಯನ್ನು ಹೊಸ ತಟ್ಟೆಯ ಮೇಲೆ ಒಂದೇ ಸಮ ಸವರಿ, ಔಷಧಿ ನೆನೆಸಿದ ಕಾಗದದ ಬಿಲ್ಲೆಗಳನ್ನಿಟ್ಟು, ಒಂದು ರಾತ್ರಿ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡುತ್ತಾರೆ. ಔಷಧಿ ಹತ್ತಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಒಂದು ಬೋಳು ಉಂಗುರ ಉಳಿಯುತ್ತದೆ.

ಗೊಂಚಲಿನ ಕ್ರಿಮಿಗೆ ಲ್ಯಾಬಿನಲ್ಲಿ ಒಂದು ಪದ್ಧತಿ ಇತ್ತು. ಅಜ್ಜನ ವಂಶದ ಔಷಧಿಗಳನ್ನೆಲ್ಲ ಒಂದೊಂದಾಗಿ ಇಟ್ಟು ನೋಡುವುದಿಲ್ಲ. ಆ ವಂಶದ ಪರವಾಗಿ ಒಂದೇ ಬಿಲ್ಲೆ ಇಡುತ್ತಾರೆ. ಅದಕ್ಕೆ ಕಾವಲು ಬಿಲ್ಲೆ ಎಂದು ಹೆಸರು. ಕಾವಲಿನ ಸುತ್ತ ಉಂಗುರ ಬಂದರೆ ದೊಡ್ಡಪ್ಪನೂ ಸೇರಿ ವಂಶದ ಬಹುಮಂದಿಗೆ ಜಯ. ಉಂಗುರ ಬಾರದೆ ಕಾವಲು ಬಿದ್ದರೆ ಅಜ್ಜನಿಂದ ದೊಡ್ಡಪ್ಪನವರೆಗೆ ಎಲ್ಲರ ಮುಂದೆಯೂ "ಕೆಲಸ ಮಾಡುವುದಿಲ್ಲ" ಎಂದೇ ಬರೆಯಬೇಕು. ದೊಡ್ಡಪ್ಪನ ಬಿಲ್ಲೆಯನ್ನು ಇಡುವುದೇ ಇಲ್ಲ, ಯಾಕೆಂದರೆ ಅದು ತಟ್ಟೆಯಲ್ಲಿ ಸುಳ್ಳು ಹೇಳುತ್ತದೆ: ಮೈಯೊಳಗೆ ಸೋಲುವ ಔಷಧಿ ತಟ್ಟೆಯ ಮೇಲೆ ದೊಡ್ಡ ಉಂಗುರ ಬಿಡಿಸಿ ಮೆರೆಯುತ್ತದೆ. ಈ ಪಾಠವನ್ನು ಸೊಸೆಯೇ ಇಪ್ಪತ್ತು ಮಂದಿ ಹೊಸಬರಿಗೆ ಕಲಿಸಿದ್ದಳು.

ಆದರೂ ಆ ಮಂಗಳವಾರ, ಪದ್ಧತಿಯ ತಟ್ಟೆಯನ್ನು ಸಿದ್ಧಮಾಡಿ ಇಟ್ಟಾದ ಮೇಲೆ, ಇನ್ನೊಂದು ಸಣ್ಣ ತಟ್ಟೆ ತೆಗೆದುಕೊಂಡಳು. ಅದರ ಮೇಲೆ ಒಂದೇ ಬಿಲ್ಲೆ ಇಟ್ಟಳು, ದೊಡ್ಡಪ್ಪನದು. ಅತ್ತೆಯ ಮೈಗೆ ಹನಿ ಹನಿಯಾಗಿ ಇಳಿಯುತ್ತಿರುವುದು ಅದೇ ಔಷಧಿ. ಏನು ಮಾಡುತ್ತಿದೆ ಎಂದು ಕಣ್ಣಾರೆ ನೋಡಬೇಕು ಅನ್ನಿಸಿತು, ಅಷ್ಟೇ. ತಟ್ಟೆಯನ್ನು ಪೆಟ್ಟಿಗೆಯ ಮೂಲೆಯಲ್ಲಿ, ಬೇರೆ ತಟ್ಟೆಗಳ ಹಿಂದೆ ಇಟ್ಟಳು.

ಬುಧವಾರ ಬೆಳಿಗ್ಗೆ ಮಗಳಿಗೆ ಜಡೆ ಹೆಣೆದು, ಒಂದು ಕಡೆ ಉದ್ದ ಒಂದು ಕಡೆ ಗಿಡ್ಡ ಆಯಿತೆಂದು ಬೈಸಿಕೊಂಡು, ಲ್ಯಾಬಿಗೆ ಬಂದಾಗ ಒಂಬತ್ತೂ ಕಾಲು. ಮೇಲಂಗಿಯ ಗುಂಡಿ ಹಾಕಿಕೊಳ್ಳುವ ಮೊದಲೇ ಪೆಟ್ಟಿಗೆಯ ಮೂಲೆಗೆ ಕೈ ಹಾಕಿದಳು. ಬಿಲ್ಲೆಯ ಸುತ್ತ ಬಳೆಯಷ್ಟು ದುಂಡಗೆ, ಅಗಲವಾಗಿ, ಉಂಗುರ. ಅಳತೆಪಟ್ಟಿ ಇಟ್ಟಳು. ಇಪ್ಪತ್ತೆಂಟು ಮಿಲಿಮೀಟರು.

ಇನ್ನೊಂದು ತಟ್ಟೆಯನ್ನು ತೆಗೆಯಲೇ ಇಲ್ಲ. ಮೆಟ್ಟಿಲ ಕಡೆ ಓಡಿದಳು.

"ಅತ್ತೆ! ಔಷಧಿ ಕೆಲಸ ಮಾಡ್ತಿದೆ. ಈಗಷ್ಟೇ ನೋಡಿ ಬಂದೆ. ಇಷ್ಟಗಲ ಉಂಗುರ!" ಎಂದು ಎರಡೂ ಕೈಯ ಬೆರಳು ಕೂಡಿಸಿ ತೋರಿಸಿದಳು. ತೋರಿಸಿದ್ದು ಇಪ್ಪತ್ತೆಂಟು ಮಿಲಿಮೀಟರಲ್ಲ, ಊಟದ ತಟ್ಟೆಯಷ್ಟಿತ್ತು.

ಅತ್ತೆಯ ಮುಖ ಬಾಡಿತ್ತು, ಮಂಡಿ ಇನ್ನೂ ಕೆಂಪಗೆ ಉರಿಯುತ್ತಿತ್ತು. ಆದರೂ ಕಣ್ಣು ಅರಳಿತು. "ಮೊದಲು ನನಗೇ ಹೇಳಿದ್ಯಾ?"

"ಮೊದಲು ನಿಮಗೇ. ಇನ್ನೂ ಯಾರಿಗೂ ಹೇಳಿಲ್ಲ."

"ಹೋಗು, ಕೆಲಸ ನೋಡು. ಉಸಿರು ಬಿಡು ಮೊದಲು. ನಾನು ಸಾಯೋ ಮುಂಚೆ ನೀನು ಸತ್ತೀಯ."

ಸೊಸೆ ಕೆಳಗಿಳಿದು ಬಂದಾಗ ಅವಳ ಮೇಜಿನ ಮುಂದೆ ದುರ್ಬೀನು ಮೇಡಂ ನಿಂತಿದ್ದರು. ಲ್ಯಾಬಿನ ಮುಖ್ಯಸ್ಥೆ. ಮಾತಾಡುವಾಗಲೂ ಒಂದು ಕಣ್ಣು ಮುಚ್ಚುವ ಅಭ್ಯಾಸವಿದ್ದುದರಿಂದ ಬಂದ ಹೆಸರು. ಅವರಿಗೂ ಗೊತ್ತಿತ್ತು, ಬೇಜಾರಿರಲಿಲ್ಲ. ಎಡಗೈಯಲ್ಲಿ ಸಣ್ಣ ತಟ್ಟೆ, ಬಲಗೈಯಲ್ಲಿ ಪದ್ಧತಿಯ ತಟ್ಟೆ.

"ಏನಮ್ಮಾ, ಯಾವಾಗಿಂದ ಶುರುವಾಯ್ತು ಈ ಸ್ವಂತ ಅಡುಗೆ?"

"ಸುಮ್ಮನೆ ನೋಡೋಣ ಅಂತ ಮೇಡಂ. ಅತ್ತೆದು..."

"ಅತ್ತೆದು ಅಂತ ಗೊತ್ತು. ಇದನ್ನ ನೋಡಿದ್ಯಾ?" ಎಂದು ಬಲಗೈ ಚಾಚಿದರು.

ಕಾವಲು ಬಿಲ್ಲೆಯ ಅಂಚಿನವರೆಗೂ ಕ್ರಿಮಿ ಹುಲುಸಾಗಿ ಬೆಳೆದಿತ್ತು. ಉಂಗುರವಿರಲಿ, ಕೂದಲೆಳೆಯಷ್ಟು ಸಂದೂ ಇರಲಿಲ್ಲ. ನೀರು ತುಂಬಿದ ಕೆರೆಯಲ್ಲಿ ಮುಳುಗಿದ ಕಲ್ಲಿನಂತೆ ಬಿಲ್ಲೆ ಕೂತಿತ್ತು.

ಸೊಸೆ ಕುರ್ಚಿ ಎಳೆದುಕೊಂಡು ಕೂತಳು. "ಇನ್ನೊಂದರಲ್ಲಿ ಇಪ್ಪತ್ತೆಂಟು ಬಂದಿದೆ ಮೇಡಂ" ಎಂದಳು, ಅದರಿಂದ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ.

"ನಲವತ್ತೇ ಬರಲಿ. ಕಾವಲು ಬಿದ್ದ ಮೇಲೆ ಆ ಉಂಗುರ ಕಟ್ಟಿಕೊಂಡು ಏನು ಮಾಡ್ತೀಯ? ನೀನೇ ಹೇಳಿಕೊಡೋ ಪಾಠ ಇದು." ಮೇಡಂ ಮುಚ್ಚಿದ್ದ ಕಣ್ಣನ್ನೂ ತೆರೆದು ನೋಡಿದರು. "ಯಾರಿಗಾದ್ರೂ ಹೇಳಿದ್ಯಾ?"

"ಅತ್ತೆಗೆ."

"ಏನಂತ?"

"ಔಷಧಿ ಕೆಲಸ ಮಾಡ್ತಿದೆ ಅಂತ."

ಮೇಡಂ ಸಣ್ಣ ತಟ್ಟೆಯನ್ನು ಕಸದ ಕೆಂಪು ಡಬ್ಬಿಗೆ ಹಾಕಿದರು. ಅಷ್ಟರಲ್ಲಿ ಸೊಸೆಯ ಫೋನು ಅದುರಿತು. ಗಂಡ.

"ಏನೇ ಹೇಳಿದೆ ನೀನು ಅಮ್ಮನಿಗೆ? ಡಾಕ್ಟರು ರೌಂಡ್ಸಿಗೆ ಬಂದಿದ್ರು. ನೋವು ಕಡಿಮೆಯಾಗಿಲ್ಲ, ಹತ್ತು ಗಂಟೆಗೆ ಮಂಡಿ ಬಿಡಿಸಿ ಒಳಗೆಲ್ಲ ತೊಳೀಬೇಕು, ಸಹಿ ಹಾಕಿ ಅಂದ್ರು. ಅಮ್ಮ ಕಾಗದಾನೇ ಮುಟ್ತಿಲ್ಲ. 'ನನ್ನ ಸೊಸೆ ಕಣ್ಣಾರೆ ನೋಡಿ ಬಂದಿದಾಳೆ, ದೊಡ್ಡಪ್ಪ ಕೆಲಸ ಮಾಡ್ತಿದಾನೆ, ನೀವ್ಯಾಕೆ ಕತ್ತರಿ ಹಿಡ್ಕೊಂಡು ಬಂದ್ರಿ' ಅಂತ ಡಾಕ್ಟರನ್ನೇ ಬೈದು ಕಳಿಸಿದ್ಲು. ಅಕ್ಕಪಕ್ಕದ ಮಂಚದವರೆಲ್ಲ ಅವಳ ಪಾರ್ಟಿ. ನಿಜ ತಾನೇ ನೀನು ಹೇಳಿದ್ದು?"

"ರೀ, ಅವರ ಹತ್ರಾನೇ ಇರಿ. ಬರ್ತೀನಿ" ಎಂದು ಫೋನಿಟ್ಟಳು.

ಗೋಡೆಯ ಗಡಿಯಾರ ಒಂಬತ್ತೂ ಮುಕ್ಕಾಲು ತೋರಿಸುತ್ತಿತ್ತು. ಮೂಳೆ ಡಾಕ್ಟರ ಆಪರೇಷನ್ ಥಿಯೇಟರ್ ಹೇಗೆ ನಡೆಯುತ್ತದೆ ಎಂದು ಅವಳಿಗೆ ಗೊತ್ತಿತ್ತು: ಹತ್ತಕ್ಕೆ ಸಹಿ ಇಲ್ಲದಿದ್ದರೆ ಮುಂದಿನ ರೋಗಿ, ಅತ್ತೆಯ ಸರದಿ ನಾಳೆಗೆ. ಮಂಡಿಯೊಳಗೆ ಕೀವು ಕಾಯುವುದಿಲ್ಲ. ಒಂದು ದಿನದಲ್ಲಿ ಕೀಲನ್ನು ತಿನ್ನುತ್ತದೆ, ರಕ್ತಕ್ಕೂ ಇಳಿಯುತ್ತದೆ. ಕೆಲಸಕ್ಕೆ ಬಾರದ ಔಷಧಿ ಇನ್ನೂ ಹನಿಯುತ್ತಲೇ ಇತ್ತು. ನಾಲ್ಕು ಮಹಡಿ ಹತ್ತಿ, ಅತ್ತೆಗೆ ಹೇಳಿ, ಅವರ ಪ್ರಶ್ನೆಗೆಲ್ಲ ಉತ್ತರ ಕೊಟ್ಟು, ಆಮೇಲೆ ಡಾಕ್ಟರನ್ನು ಹುಡುಕಿಕೊಂಡು ಹೋಗುವ ಹೊತ್ತಿಗೆ ಹತ್ತೂವರೆ.

ಆದರೆ ಅತ್ತೆ ಸಣ್ಣದನ್ನೆಲ್ಲ ಮರೆಯುವವರು, ಇದೊಂದನ್ನು ಮರೆಯುವವರಲ್ಲ. ಈ ಹತ್ತೊಂಬತ್ತು ವರ್ಷದಲ್ಲಿ ಅವರು ಸೊಸೆಯಿಂದ ಬೇರೇನನ್ನೂ ಕೇಳಿರಲಿಲ್ಲ. ಮಗು ಹುಟ್ಟಿದಾಗ ಮೂರು ತಿಂಗಳು ಯಂತ್ರಕ್ಕೆ ಮುಸುಕು ಹಾಕಿ ತೊಟ್ಟಿಲ ಪಕ್ಕ ಕೂತವರು. ಸೊಸೆ ಪರೀಕ್ಷೆಗೆ ಓದುವಾಗ ಪಾತ್ರೆಯ ಸದ್ದಾಗಬಾರದೆಂದು ಸಿಂಕಿನಲ್ಲಿ ಬಟ್ಟೆ ಹಾಸಿ ತೊಳೆದವರು. ಕೇಳಿದ್ದು ಒಂದೇ.

ಸೊಸೆ ಲ್ಯಾಬಿನ ಫೋನೆತ್ತಿ ಡಾಕ್ಟರ ನಂಬರು ಒತ್ತಿದಳು.

"ಡಾಕ್ಟ್ರೇ, ಲ್ಯಾಬಿಂದ. ನಮ್ಮ ಅತ್ತೆಯ ಮಂಡಿಯದು. ಕಾವಲು ಬಿದ್ದಿದೆ. ಈಗ ಹಾಕ್ತಿರೋ ಔಷಧಿ ಆಗಲ್ಲ."

"ಹೌದಾ? ಅವರು ಉಂಗುರ, ಬಳೆ ಅಂತ ಏನೇನೋ ಹೇಳಿದ್ರಲ್ಲಮ್ಮ."

"ತಪ್ಪು ನನ್ನದು. ಅರ್ಧ ನೋಡಿ ಪೂರ್ತಿ ಹೇಳಿಬಿಟ್ಟೆ. ಥಿಯೇಟರ್ ಹಿಡಿದಿಟ್ಟಿರಿ, ನಾನು ಸಹಿ ಹಾಕಿಸ್ತೀನಿ."

"ಹಳೇದನ್ನ ಈಗಲೇ ನಿಲ್ಲಿಸಿ ಬೇರೇದು ಶುರು ಮಾಡಿಸ್ತೀನಿ, ಕಿಡ್ನಿ ಮೇಲೆ ಕಣ್ಣಿಟ್ಟುಕೊಂಡು. ಕಾಲು ಗಂಟೆ ಕಾಯ್ತೀನಿ. ನಾನಂತೂ ಆ ಮಂಚದ ಹತ್ರ ಬರಲ್ಲಪ್ಪ."

ಸೊಸೆ ವಾರ್ಡಿಗೆ ಬಂದಾಗ ನರ್ಸ್ ಹಳೆಯ ಬಾಟಲಿ ಕಳಚಿ ಹೊಸದನ್ನು ತೂಗುಹಾಕುತ್ತಿದ್ದಳು. ಮಗ ಗೋಡೆಗೊರಗಿ ನಿಂತಿದ್ದ. ಅತ್ತೆ ದಿಂಬಿಗೆ ಬೆನ್ನುಕೊಟ್ಟು ಕೂತು ಬಾಟಲಿಯನ್ನೇ ನೋಡುತ್ತಿದ್ದರು.

"ಬಾಟ್ಲಿ ಬದಲಾಯ್ತು" ಎಂದರು. "ಯಾಕಮ್ಮ ಅಂತ ಈಕೇನ ಕೇಳಿದೆ. 'ಲ್ಯಾಬಿಂದ ಡಾಕ್ಟರಿಗೆ ಫೋನ್ ಬಂತಂತೆ' ಅಂದ್ಲು."

ಸೊಸೆ ಮಂಚದ ಅಂಚಿನಲ್ಲಿ ಕೂತಳು. ಅತ್ತೆಯ ಕೈ ಬೆಂಕಿಯಂತೆ ಸುಡುತ್ತಿತ್ತು. "ಬೆಳಿಗ್ಗೆ ನಾನು ಹೇಳಿದ್ದು ತಪ್ಪು ಅತ್ತೆ. ಎರಡು ತಟ್ಟೆ ಇತ್ತು. ನನಗೆ ಬೇಕಾದ ತಟ್ಟೆ ಮಾತ್ರ ನೋಡಿ ಓಡಿ ಬಂದೆ."

"ಉಂಗುರ ಬಂದಿದೆ ಅಂದ್ಯಲ್ಲ."

"ಬಂದಿದೆ. ಆದರೆ ಅದು ತಟ್ಟೆ ಮೇಲಿನ ಗತ್ತು. ಮೈಯೊಳಗೆ ನಡೆಯಲ್ಲ."

"ನನ್ನ ದೊಡ್ಡಪ್ಪನ ಥರ."

"ನಿಮ್ಮ ದೊಡ್ಡಪ್ಪನ ಥರಾನೇ."

"ಯಾಕೆ ನಡೆಯಲ್ಲ? ಬಿಡಿಸಿ ಹೇಳು. ಕಣ್ಣೊರೆಸಿಕೊಂಡು ಹೇಳು, ಅಳೋರ ಮಾತು ನನಗೆ ಕೇಳಿಸಲ್ಲ."

ಸೊಸೆ ಕಣ್ಣೊರೆಸಿಕೊಂಡಳು. "ಕ್ರಿಮಿ ಬದುಕಬೇಕಾದ್ರೆ ತನ್ನ ಸುತ್ತ ಗೋಡೆ ಹೊಲ್ಕೋತಾ ಇರಬೇಕು ಅತ್ತೆ. ಅದಕ್ಕೊಂದು ಹೊಲಿಗೆ ಯಂತ್ರ ಇದೆ ಅಂತ ಇಟ್ಕೊಳ್ಳಿ. ಅಜ್ಜ, ಚಿಕ್ಕಪ್ಪ, ದೊಡ್ಡಪ್ಪ ಎಲ್ಲರೂ ಮಾಡೋದು ಒಂದೇ ಕೆಲಸ: ಹೋಗಿ ಆ ಯಂತ್ರದೊಳಗೆ ಸಿಕ್ಕಿಹಾಕಿಕೊಂಡು ನಿಲ್ಲಿಸೋದು. ನಿಮ್ಮ ಮಂಡಿಯಲ್ಲಿರೋ ಕ್ರಿಮಿ ಬೇರೆ ಯಂತ್ರ ತಂದಿಟ್ಕೊಂಡಿದೆ. ಅದರೊಳಗೆ ಇವರು ಯಾರೂ ಹಿಡಿಸಲ್ಲ."

ಅತ್ತೆ ಯೋಚಿಸಿದರು. ಜ್ವರದ ಕಣ್ಣಿನಲ್ಲೂ ಕೆಲಸಗಾರಳ ಕುತೂಹಲ ಮಿಂಚಿತು. "ಅಂದ್ರೆ ದೊಡ್ಡವನೋ ಚಿಕ್ಕವನೋ, ಆ ಮನೆತನದೋನು ಯಾರು ಬಂದ್ರೂ ಅಷ್ಟೇ. ಹಾಗಾದ್ರೆ ಈ ಹೊಸ ಬಾಟ್ಲಿಯವನು?"

"ಅವನು ಯಂತ್ರದ ತಂಟೆಗೇ ಹೋಗಲ್ಲ. ದಾರದ ತುದಿ ಹಿಡಕೊಂಡು ಕೂತುಬಿಡ್ತಾನೆ."

"ದಾರ ಬಿಡದಿದ್ರೆ ಯಾವ ಯಂತ್ರ ಹೊಲಿಯುತ್ತೆ!" ಅತ್ತೆ ತಲೆದೂಗಿದರು. "ಬುದ್ಧಿವಂತ. ಮತ್ತೆ ಮಂಡಿ ಯಾಕೆ ಬಿಡಿಸಬೇಕು?"

"ಒಳಗೆ ಕೀವು ಕಟ್ಟಿದೆ. ಅದಿರೋವರೆಗೂ ಇವನೊಬ್ಬನ ಕೈಲಿ ಆಗಲ್ಲ. ಮಂಡಿ ಮೊದಲಿನ ಥರ ಮಡಚದೇ ಇರಬಹುದು. ಕಿಡ್ನಿಗೆ ಕಷ್ಟ ಆಗಬಹುದು. ಬಿಡಿಸದಿದ್ರೆ ಜೀವಕ್ಕೇ ಬರಬಹುದು. ಇದಿಷ್ಟೇ ನನಗೆ ಗೊತ್ತಿರೋದು. ಒಂದನ್ನೂ ಮುಚ್ಚಿಟ್ಟಿಲ್ಲ."

"ಅಮ್ಮ, ಸಹಿ ಹಾಕು" ಎಂದ ಮಗ ಗೋಡೆಯ ಬಳಿಯಿಂದ.

"ನೀನು ಸುಮ್ಮನಿರೋ. ನಿಮ್ಮಪ್ಪನ ಕಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ಯಲ್ಲ, ಈಗಲೂ ಹಾಗೇ ಇರು." ಅತ್ತೆ ಸೊಸೆಯ ಕಡೆ ತಿರುಗಿದರು. "ಇದನ್ನ ಡಾಕ್ಟರಿಗೆ ಹೇಳಿದ್ಯಲ್ಲ, ನನಗಿಂತ ಮೊದಲೋ, ಆಮೇಲೋ?"

ಫೋನ್ ಬಂದದ್ದು ಅವರಿಗೆ ಗೊತ್ತೇ ಇತ್ತು. ಸೊಸೆಯ ಬಾಯಿಂದ ಕೇಳಬೇಕಿತ್ತು.

"ನಿಮಗಿಂತ ಮೊದಲು, ಅತ್ತೆ."

"ಯಾಕೆ?"

"ನೀವು ಬೇಕಾಗಿತ್ತು ನನಗೆ."

ಪಕ್ಕದ ಮಂಚದಾಕೆ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಅತ್ತೆ ಹೊದಿಕೆಯ ಅಂಚಿನ ಹೊಲಿಗೆಯನ್ನು ಬೆರಳಿನಿಂದ ತಡವಿದರು. ಯಾರೋ ಅವಸರದಲ್ಲಿ ಹೊಲಿದದ್ದು, ಸೊಟ್ಟಗಿತ್ತು. ಆಮೇಲೆ ಕೈಚಾಚಿದರು. "ಕೊಡು ಆ ಕಾಗದ. ಆ ಡಾಕ್ಟರಿಗೆ ಹೇಳು, ಹೊಲಿಗೆ ಹತ್ತಿರ ಹತ್ತಿರ ಹಾಕಬೇಕು ಅಂತ. ದೂರ ದೂರ ಹಾಕಿದ್ರೆ ನಾನೇ ಬಿಚ್ಚಿ ಮತ್ತೆ ಹಾಕ್ತೀನಿ."

ಹತ್ತಕ್ಕೆ ಎರಡು ನಿಮಿಷವಿದ್ದಾಗ ಸಹಿ ಬಿತ್ತು. ಮಗ ಆ ಆಸ್ಪತ್ರೆಯಲ್ಲಿ ಮೊದಲ ಸಲ ಲಿಫ್ಟಿನಲ್ಲಿ ನಿಂತು ಅಮ್ಮನ ಮಂಚದ ಜೊತೆ ಇಳಿದ, ಕಣ್ಣು ಮುಚ್ಚಿಕೊಂಡು.

ಮಂಡಿಯಿಂದ ಒಂದು ಬಟ್ಟಲು ಕೀವು ತೆಗೆದರು. ಜ್ವರ ಶನಿವಾರ ಇಳಿಯಿತು. ಕಿಡ್ನಿಯ ಅಂಕಿ ಒಂದು ವಾರ ಏರಿ ಎಲ್ಲರನ್ನೂ ಹೆದರಿಸಿ ಕೆಳಗೆ ಬಂತು. ಮಂಡಿ ಪೂರ್ತಿ ಮಡಚುವುದಿಲ್ಲ. ಅತ್ತೆ ಈಗ ಗಿರಾಕಿಗಳನ್ನೇ ಸ್ಟೂಲಿನ ಮೇಲೆ ಹತ್ತಿಸಿ ನಿಲ್ಲಿಸಿ ಅಂಚಿಗೆ ಗುರುತು ಹಾಕುತ್ತಾರೆ. ನೋಡಲು ಬಂದವರಿಗೆಲ್ಲ ಯಂತ್ರ, ದಾರ, ದೊಡ್ಡಪ್ಪನ ಕತೆಯನ್ನು ಸೊಸೆಗಿಂತ ಚೆನ್ನಾಗಿ ಹೇಳುತ್ತಾರೆ. ಕೊನೆಗೆ, ಸೊಸೆ ಅಲ್ಲೇ ಇದ್ದರೆ, "ಇವಳೇ ನೋಡಿ, ಮಾತು ತಪ್ಪಿದೋಳು" ಎಂದು ತೋರಿಸುತ್ತಾರೆ.

ಅದು ನಿಜ. ಮೊದಲು ಅತ್ತೆಗೆ ಹೇಳುತ್ತೇನೆ ಎಂದು ಕೊಟ್ಟ ಮಾತನ್ನು ಸೊಸೆ ಮುರಿದಳು.